ಸಣ್ಣ ಹೊಲಿಗೆ ಅಂಗಡಿ ನಮ್ಮದು, ಮಕ್ಕಳಿಗೆ ಕೊಡುವುದನ್ನು ಸರಿಯಾಗಿ ಕೊಡಬೇಕು: ಸಲಹೆ ಬೇಕು (ಮಂಡ್ಯ)

ಪೇಟೆಬೀದಿ ಟೈಲರ್ | 2025 ಫೆಬ್ರವರಿ 9, ಭಾನುವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮಂಡ್ಯದಲ್ಲಿ ನಮ್ಮದೊಂದು ಹೊಲಿಗೆ ಅಂಗಡಿ ಇದೆ. ತಾತನ ಕಾಲದ್ದು. ಆಗ ಸಕ್ಕರೆ ಕಾರ್ಖಾನೆ ಕೆಲಸಗಾರರಿಗೆ ಖಾಕಿ ಹೊಲಿಯುತ್ತಿದ್ದರಂತೆ. ಈಗ ಶಾಲೆ ಸಮವಸ್ತ್ರವೇ ನಮ್ಮ ಅನ್ನ. ಅಪ್ಪ ಕತ್ತರಿ ಹಿಡಿಯುತ್ತಾರೆ, ನಾನು ಮತ್ತು ತಮ್ಮ ಹೊಲಿಯುತ್ತೇವೆ, ಅಮ್ಮ ಮತ್ತು ನನ್ನ ಹೆಂಡತಿ ಕಾಜಾ, ಗುಂಡಿ, ಹೆಮ್ಮಿಂಗ್ ನೋಡಿಕೊಳ್ಳುತ್ತಾರೆ. ಏಳು ಮೆಷಿನ್, ಕೂಲಿಗೆ ಮೂರು ಜನ. ಮೇ, ಜೂನ್‌ನಲ್ಲಿ ರಾತ್ರಿ ಒಂದು ಗಂಟೆಯಾದರೂ ಮೆಷಿನ್ ನಿಲ್ಲುವುದಿಲ್ಲ. ಡಿಸೆಂಬರ್‌ನಲ್ಲಿ ಅರ್ಧ ದಿನದ ಕೆಲಸವೂ ಇರುವುದಿಲ್ಲ.

ಹಿಂದಿನಿಂದಲೂ ಮನೆಯಲ್ಲಿ ಒಂದು ಪದ್ಧತಿ. ಸೀಸನ್ ಮುಗಿದ ಮೇಲೆ ಉಳಿದ ಥಾನಿನಲ್ಲಿ ಒಂದಷ್ಟು ಬಟ್ಟೆ ಹೊಲಿದು ಯಾವುದಾದರೂ ಮಕ್ಕಳ ಮನೆಗೆ, ಅಂದರೆ ಅನಾಥಾಶ್ರಮಕ್ಕೆ, ಕೊಟ್ಟು ಬರುವುದು. ಅಂದಾಜಿನ ಮೇಲೆ 26, 28, 30 ಸೈಜ್ ಹೊಲಿದು, ಮೂಟೆ ಕಟ್ಟಿ, ಕೊಟ್ಟು, ಕಾಫಿ ಕುಡಿದು ಬರುತ್ತಿದ್ದೆವು. ಅಷ್ಟೇ.

ಒಂದು ಕಡೆ ಮೂರು ವರ್ಷ ಹೀಗೆ ಕೊಟ್ಟೆವು. ಹೆಸರು ಬೇಡ. ಒಂದು ಸಲ ಮೊದಲೇ ಹೇಳದೆ ಹೋದೆ. ಹಿಂದಿನ ವರ್ಷ ಕೊಟ್ಟಿದ್ದ ಬಟ್ಟೆ ಕವರ್ ಬಿಚ್ಚದೆ ಕೋಣೆಯಲ್ಲಿ ಹಾಗೇ ಇತ್ತು. ಮಕ್ಕಳು ಕಂಕುಳು ಹರಿದ ಅಂಗಿಯಲ್ಲಿದ್ದರು. ಕೇಳಿದರೆ "ಫಂಕ್ಷನ್‌ಗೆ ಇರಲಿ ಅಂತ ಎತ್ತಿಟ್ಟಿದ್ದೇವೆ" ಎಂದರು. ಆಮೇಲೆ ಗೊತ್ತಾಯಿತು, ಆ ಮನೆಗೆ ನೋಂದಣಿಯೇ ಇರಲಿಲ್ಲ. ಮುಚ್ಚಿಸಿದರು. ಮಕ್ಕಳನ್ನು ಬೇರೆ ಬೇರೆ ಕಡೆಗೆ ಕಳಿಸಿದರಂತೆ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹೋದ ವರ್ಷ ಬೇರೆ ಒಂದು ಮನೆಗೆ ಹೋದೆವು. ಈ ಸಲ ಅಪ್ಪ ಹಟ ಹಿಡಿದು ಟೇಪ್ ತೆಗೆದುಕೊಂಡು ಬಂದರು, ಒಬ್ಬೊಬ್ಬರದೂ ಅಳತೆ ತೆಗೆಯಬೇಕು ಅಂತ. ಎಂಟು ವರ್ಷದ ಒಬ್ಬ ಹುಡುಗ ಟೇಪ್ ಎದೆಗೆ ಸುತ್ತಿದಾಗ ಉಸಿರು ಬಿಗಿ ಹಿಡಿದು ನಿಂತ. "ಉಸಿರು ಬಿಡಪ್ಪ" ಎಂದರೆ ಬಿಡಲಿಲ್ಲ. ಸೊಂಟ, ಉದ್ದ ಎಲ್ಲ ಆದಮೇಲೆ ಅಪ್ಪನ ಕಿವಿ ಹತ್ತಿರ ಬಂದು, "ತಾತ, ಎಲ್ಡು ಜೋಬು ಇಕ್ತೀರಾ?" ಎಂದ. ಅವರ ಚಡ್ಡಿಗಳಿಗೆ ಜೋಬೇ ಇರಲಿಲ್ಲ. ಸಗಟಿನಲ್ಲಿ ಹೊಲಿಸುವಾಗ ಜೇಬು ಬಿಟ್ಟರೆ ಒಂದು ಪೀಸಿಗೆ ಇಷ್ಟು ಅಂತ ಉಳಿಯುತ್ತದೆ. ಆ ಲೆಕ್ಕ ನನಗೆ ಚೆನ್ನಾಗಿ ಗೊತ್ತು, ನಾನೇ ಅಂಥ ಆರ್ಡರ್ ಹೊಲಿದಿದ್ದೇನೆ.

ಅದರ ಮೇಲೆ ಮನೆಯಲ್ಲಿ ಮಾತು ಶುರುವಾಯಿತು. ಕೊಡುವುದಾದರೆ ಲೆಕ್ಕವಾಗಿ, ವರ್ಷ ಪೂರ್ತಿ ಕೊಡೋಣ ಅಂತ. ಎಷ್ಟು, ಯಾರಿಗೆ, ಹೇಗೆ ಅನ್ನುವುದರಲ್ಲಿ ಒಮ್ಮತ ಇಲ್ಲ. ತಮ್ಮ ಹೇಳುತ್ತಾನೆ: "ಪ್ರತಿ ಸಮವಸ್ತ್ರದಿಂದ ₹10 ಮಕ್ಕಳಿಗೆ" ಅಂತ ಬೋರ್ಡ್ ಹಾಕೋಣ, ವ್ಯಾಪಾರವೂ ಆಗುತ್ತೆ, ಕೊಡಲು ಹಣವೂ ಜಾಸ್ತಿ ಆಗುತ್ತೆ. ಅಪ್ಪನಿಗೆ ಬೋರ್ಡ್ ಅಂದರೆ ಆಗಲ್ಲ. ನಾನು ನಡುವೆ ಸಿಕ್ಕಿಕೊಂಡಿದ್ದೇನೆ. ತಿಳಿದವರು ಹೇಳಿ.

ಲೆಕ್ಕದ ಪುಸ್ತಕ | ಫೆಬ್ರವರಿ 9, ಮಧ್ಯಾಹ್ನ

ನಾನು ಮಂಡ್ಯ, ಮದ್ದೂರು ಕಡೆಯ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಹಣದ ವಿಷಯ ಮೊದಲು ಹೇಳಿಬಿಡುತ್ತೇನೆ.

ದೊಡ್ಡ ಕಂಪನಿಗಳು ಲಾಭದಲ್ಲಿ ಒಂದು ಪಾಲು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನುವ ಸಿಎಸ್‌ಆರ್ ನಿಯಮ ನಿಮಗೆ ಅನ್ವಯಿಸುವುದಿಲ್ಲ. ನಿವ್ವಳ ಲಾಭ ₹5 ಕೋಟಿ ಅಥವಾ ವಹಿವಾಟು ₹1,000 ಕೋಟಿ ಅಥವಾ ನಿವ್ವಳ ಆಸ್ತಿ ₹500 ಕೋಟಿ ಮುಟ್ಟಿದ ಕಂಪನಿಗಳಿಗೆ ಲಾಭದ ಆ 2% ಕಡ್ಡಾಯ. ನೀವು ಕೊಡುವುದು ನಿಮ್ಮ ಮನಸ್ಸಿನಿಂದ.

ದಾನಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ವಿನಾಯಿತಿ ಹಣ ಕೊಟ್ಟರೆ ಮಾತ್ರ. ಬಟ್ಟೆ, ಅಕ್ಕಿ, ಹೊಲಿಗೆ ಕೂಲಿ ಯಾವುದಕ್ಕೂ ಇಲ್ಲ. ₹2,000 ಮೀರಿದರೆ ನಗದು ಬೇಡ, ಚೆಕ್ ಅಥವಾ ಯುಪಿಐ ಮಾಡಿ. ಸಂಸ್ಥೆಗೆ 80ಜಿ ನೋಂದಣಿ ಚಾಲ್ತಿಯಲ್ಲಿರಬೇಕು. ಹಳೇ ಜೆರಾಕ್ಸ್ ತೋರಿಸಿದರೆ ನಂಬಬೇಡಿ. 2021ರ ನಂತರ ಎಲ್ಲ ಸಂಸ್ಥೆಗಳೂ ಮತ್ತೆ ನೋಂದಣಿ ಮಾಡಿಸಬೇಕಾಯಿತು, ಇಲಾಖೆ ಪೋರ್ಟಲ್‌ನಲ್ಲಿ ನೀವೇ ನೋಡಬಹುದು. ವರ್ಷ ಮುಗಿದ ಮೇಲೆ ಅವರು 10ಬಿಇ ಎಂಬ ಪ್ರಮಾಣಪತ್ರ ಕೊಡಬೇಕು. ಬರೀ ರಸೀದಿ ಸಾಲದು. ಸಾಮಾನ್ಯವಾಗಿ ಕೊಟ್ಟ ಹಣದ ಅರ್ಧ ಆದಾಯದಿಂದ ಕಳೆಯುತ್ತಾರೆ, ಅದಕ್ಕೂ ಮೇಲ್ಮಿತಿ ಇದೆ. ಅಂಗಡಿ ಒಬ್ಬರ ಹೆಸರಲ್ಲಿದ್ದು ಅವರು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಇದು ಸಿಗುವುದೇ ಇಲ್ಲ. ಪಾಲುದಾರಿಕೆ ಆಗಿದ್ದರೆ ಸಿಗುತ್ತದೆ.

ಇನ್ನು ₹10 ಬೋರ್ಡ್. ಹಾಕಿದ ಕ್ಷಣದಿಂದ ಅದು ಗಿರಾಕಿಗೆ ಕೊಟ್ಟ ಮಾತು. ಎಷ್ಟು ಪೀಸ್ ಹೋಯಿತು, ಎಷ್ಟು ಹಣ ಆಯಿತು, ಎಲ್ಲಿಗೆ ಕೊಟ್ಟಿರಿ, ಎಲ್ಲಕ್ಕೂ ಪುಸ್ತಕ ಬೇಕು. ಸೀಸನ್ ಕೆಟ್ಟ ವರ್ಷ ಆ ಮನೆಯವರಿಗೂ ಕಡಿಮೆ ಬರುತ್ತದೆ. ಮಕ್ಕಳು ಊಟ ಮಾಡುವುದು ನಿಮ್ಮ ಸೀಸನ್ ನೋಡಿಕೊಂಡಲ್ಲ, ಅಲ್ವಾ? ತಿಂಗಳಿಗೆ ಇಷ್ಟು ಅಂತ ಸಣ್ಣ ಮೊತ್ತ ನಿಗದಿ ಮಾಡಿ, ಕೆಟ್ಟ ವರ್ಷದಲ್ಲೂ ಕೊಡಲು ಆಗುವಷ್ಟು. ಬಾಡಿಗೆ, ಕರೆಂಟ್ ಬಿಲ್ ಇದ್ದ ಹಾಗೆ ಅದನ್ನೂ ಖರ್ಚಿನ ಸಾಲಿನಲ್ಲಿ ಬರೆಯಿರಿ.

ಆಪ್ತಸಮಾಲೋಚಕಿ, ಮೈಸೂರು | ಫೆಬ್ರವರಿ 9, ರಾತ್ರಿ

ನಾನು ಮಕ್ಕಳ ಮನೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ನಿವೃತ್ತಿಯಾಗಿದ್ದೇನೆ. ನಿಮ್ಮ ಜೋಬಿನ ಹುಡುಗನ ಬಗ್ಗೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನೋಂದಣಿ ವಿಷಯ ಮೊದಲು. ಬಾಲ ನ್ಯಾಯ ಕಾಯ್ದೆ 2015ರ ಸೆಕ್ಷನ್ 41ರ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಮನೆಯೂ ನೋಂದಣಿ ಆಗಿರಲೇಬೇಕು, ಸರ್ಕಾರದ್ದಾಗಲಿ, ಟ್ರಸ್ಟಿನದಾಗಲಿ. ಆ ನೋಂದಣಿ 5 ವರ್ಷಕ್ಕೆ. ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಅಥವಾ ₹1 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ನೀವು ಮುಜುಗರ ಪಡಬೇಡಿ, ಪತ್ರ ತೋರಿಸಿ ಅಂತ ಕೇಳಿ. ಸರಿಯಾಗಿ ನಡೆಸುವವರು ಕೇಳಿದರೆ ಸಂತೋಷಪಡುತ್ತಾರೆ. ಅನುಮಾನ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ಈಗ ನಿಜವಾಗಿ ಹೇಳಬೇಕಾದ್ದು. ನಾವು "ಅನಾಥಾಶ್ರಮ" ಅನ್ನುತ್ತೇವೆ, ಆದರೆ ಅಲ್ಲಿ ನಾನು ನೋಡಿದ ಮಕ್ಕಳಲ್ಲಿ ಜಾಸ್ತಿ ಜನಕ್ಕೆ ಅಮ್ಮ ಇದ್ದಳು. ಗಂಡ ಸತ್ತಿದ್ದ ಅಥವಾ ಬಿಟ್ಟು ಹೋಗಿದ್ದ. ಗಾರ್ಮೆಂಟ್ಸ್‌ಗೋ ಮನೆಗೆಲಸಕ್ಕೋ ಹೋದರೆ ಮಗುವನ್ನು ನೋಡಿಕೊಳ್ಳುವವರಿಲ್ಲ. "ಊಟ, ಓದು ಆದರೂ ಸಿಗಲಿ" ಅಂತ ತಂದು ಬಿಡುತ್ತಾಳೆ. ಭಾನುವಾರ ಬಂದು ಗೇಟಿನ ಹತ್ತಿರ ನಿಂತು ಅಳುತ್ತಾಳೆ. ಮಗುವನ್ನು ಮನೆಯಿಂದ ದೂರ ಇಡುವುದು ಕೊನೆಯ ದಾರಿ ಆಗಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಆದರೆ ನಾವೆಲ್ಲ ದುಡ್ಡು ಕೊಡುವುದು ಆ ಕೊನೆಯ ದಾರಿಗೇ.

ಸರ್ಕಾರದ ಪ್ರಾಯೋಜಕತ್ವ ಯೋಜನೆ ಇದೆ. ಮಿಷನ್ ವಾತ್ಸಲ್ಯ ಅನ್ನುವ ಮಕ್ಕಳ ರಕ್ಷಣೆ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ ₹4,000, ಮಗು ತನ್ನ ಮನೆಯಲ್ಲೇ ಬೆಳೆಯಲಿ ಅಂತ. ವಿಧವೆ, ಗಂಡ ಬಿಟ್ಟ ತಾಯಿ, ತಂದೆತಾಯಿ ಇಲ್ಲದೆ ಅಜ್ಜಿ ಮನೆಯಲ್ಲಿರುವ ಮಗು, ಮನೆಯವರಿಗೆ ದೊಡ್ಡ ಕಾಯಿಲೆ, ಇಂಥ ಕಡೆ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ ₹72,000, ಪಟ್ಟಣದಲ್ಲಿ ₹96,000 ಮೀರಬಾರದು. ಗೊತ್ತಿಲ್ಲದೆ ಎಷ್ಟೋ ತಾಯಂದಿರು ಅರ್ಜಿಯನ್ನೇ ಹಾಕಿಲ್ಲ. ಆದಾಯ ಪತ್ರ, ಮರಣ ಪತ್ರ, ಬ್ಯಾಂಕ್ ಖಾತೆ ಅಂತ ಕಚೇರಿಗೆ ನಾಲ್ಕು ಸಲ ಓಡಾಡಬೇಕು. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಹೋಗುತ್ತದೆ.

ನಿಮ್ಮ ಅಂಗಡಿಗೆ ಜೂನ್‌ನಲ್ಲಿ ಬರುವ ತಾಯಂದಿರಲ್ಲಿ ಇಂಥವರು ಖಂಡಿತ ಇರುತ್ತಾರೆ. "ಈ ಸಲ ಒಂದೇ ಜೊತೆ ಹೊಲಿಯಿರಿ, ಇನ್ನೊಂದು ದಸರಾ ಆದಮೇಲೆ" ಅನ್ನುವವರು. ಅವರನ್ನು ಗುರುತಿಸಲು ನಿಮಗಿಂತ ಒಳ್ಳೆಯ ಜಾಗದಲ್ಲಿ ಯಾರೂ ಇಲ್ಲ. ಒಂದು ಮಾತು ಹೇಳಿ, ಒಂದು ಫಾರಂ ತುಂಬಿಸಿಕೊಡಿ.

ಆಲೆಮನೆ ಬೆಲ್ಲ | ಫೆಬ್ರವರಿ 10

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮದು ಪಾಂಡವಪುರದ ಹತ್ತಿರ ಆಲೆಮನೆ. ಕಬ್ಬು ಕಡಿಯುವ ಸೀಸನ್ ಬಂದರೆ ಬೇರೆ ಜಿಲ್ಲೆಗಳಿಂದ ಸಂಸಾರ ಸಮೇತ ಜನ ಬರುತ್ತಾರೆ, ನಾಲೆ ಬದಿಯಲ್ಲಿ ಟೆಂಟ್ ಹಾಕುತ್ತಾರೆ. ಹತ್ತು ವರ್ಷದ ಹುಡುಗಿ ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ದಿನ ಪೂರ್ತಿ ಗದ್ದೆ ಬದುವಿನಲ್ಲಿ ನಿಂತಿರುತ್ತಾಳೆ. ಅವಳ ಹೆಸರು ಅವಳ ಊರಿನ ಶಾಲೆಯಲ್ಲಿದೆ, ಅವಳು ಇಲ್ಲಿದ್ದಾಳೆ.

ಹೋದ ಸೀಸನ್‌ನಲ್ಲಿ ಹತ್ತಿರದ ಸರ್ಕಾರಿ ಶಾಲೆಯ ಮೇಡಂ ಬಂದು ಟೆಂಟಿನ ಮಕ್ಕಳನ್ನು ಶಾಲೆಗೆ ಕರೆದುಕೊಂಡರು. ನಾವು ಮಾಡಿದ್ದು ಇಷ್ಟೇ: ಬೆಳಗ್ಗೆ, ಸಂಜೆ ನಮ್ಮ ಗಾಡಿ, ಜೊತೆಗೆ ಕೈಮಗುವನ್ನು ನೋಡಿಕೊಳ್ಳಲು ಊರಿನ ಒಬ್ಬ ಅಜ್ಜಿಗೆ ಸಂಬಳ. ಕೈಮಗುವಿಗೆ ವ್ಯವಸ್ಥೆ ಆಗುವವರೆಗೆ ಅಕ್ಕ ಶಾಲೆಗೆ ಹೋಗುವುದಿಲ್ಲ. ಇದು ನಮಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು.

ನಿವೃತ್ತ ಮೇಷ್ಟ್ರು | ಫೆಬ್ರವರಿ 11

ಬೋರ್ಡ್ ವಿಷಯಕ್ಕೆ ನಿಮ್ಮ ತಂದೆಯವರ ಪರ ನಾನು.

1964ರಲ್ಲಿ ಓದಲು ಮೈಸೂರಿಗೆ ಬಂದೆ. ಕೈಯಲ್ಲಿ ಏನೂ ಇರಲಿಲ್ಲ. ವಾರಾನ್ನದಲ್ಲಿ ಬೆಳೆದೆ. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಮಂಗಳವಾರದ ಮನೆಯವರದು ಸಂತೆಪೇಟೆಯಲ್ಲಿ ಸಣ್ಣ ದಿನಸಿ ಅಂಗಡಿ. ಅವರ ಮನೆಯಲ್ಲೇ ಆರು ಮಕ್ಕಳು. ಮೂರು ವರ್ಷ ಊಟ ಹಾಕಿದರು. ನನ್ನ ಮಾರ್ಕ್ಸ್ ಎಷ್ಟು ಅಂತ ಒಂದು ದಿನ ಕೇಳಲಿಲ್ಲ. ಮನೆಯಲ್ಲಿ ಏನಾದರೂ ತೊಂದರೆ ಇದ್ದ ದಿನ ಆ ತಾಯಿ ಮೊದಲೇ ಪಕ್ಕದ ಮನೆಗೆ ಹೇಳಿಟ್ಟಿರುತ್ತಿದ್ದರು, ನಾನು ಬಾಗಿಲಿಗೆ ಬಂದು ವಾಪಸ್ ಹೋಗಬಾರದು ಅಂತ. ಆ ಸೌಲಭ್ಯ ಆ ಕಾಲದಲ್ಲಿ ಎಲ್ಲ ಜಾತಿಯ ಹುಡುಗರಿಗೆ ಸಿಗುತ್ತಿರಲಿಲ್ಲ, ಅದನ್ನೂ ಹೇಳಲೇಬೇಕು. ನನ್ನ ಊರಿನ ಗೆಳೆಯನೊಬ್ಬ ನನಗಿಂತ ಬುದ್ಧಿವಂತ, ಅದಿಲ್ಲದೆ ಓದು ಬಿಟ್ಟ.

ಮೈಸೂರಿಗೆ ಇದು ಹೊಸದಲ್ಲ. ತಾತಯ್ಯ ಅಂತ ನಾವು ಕರೆಯುವ ಎಂ. ವೆಂಕಟಕೃಷ್ಣಯ್ಯನವರು (1844–1933) ಬಡ ಹುಡುಗರಿಗಾಗಿ ಅನಾಥಾಲಯ ಕಟ್ಟಿದ ಊರು ಇದು. ಆದರೆ ನನ್ನ ಮಟ್ಟಿಗೆ ನೆನಪಿರುವುದು ಆ ಮಂಗಳವಾರ. ಇವತ್ತೂ ಮಂಗಳವಾರ ಸಾರಿನ ವಾಸನೆ ಬಂದರೆ ಆ ಮನೆಯ ಹಜಾರ ಕಣ್ಣ ಮುಂದೆ ಬರುತ್ತದೆ. ತಪ್ಪದೆ ಕೊಡಿ. ಕಡಿಮೆ ಆದರೂ ಪರವಾಗಿಲ್ಲ.

ಸಕ್ಕರೆ ಸೀಮೆ | ಫೆಬ್ರವರಿ 11

ಮೇಷ್ಟ್ರೇ, ಗೌರವದಿಂದಲೇ ಒಪ್ಪುವುದಿಲ್ಲ. ನಮ್ಮ ಬೇಕರಿಯಲ್ಲಿ ನಾವು ಏನು ಮಾಡುತ್ತೇವೆ ಅಂತ ಹೇಳಿದ ಮೇಲೆಯೇ ಪಕ್ಕದ ಮೂರು ಅಂಗಡಿಯವರು ಸೇರಿಕೊಂಡರು. ಮುಚ್ಚಿಟ್ಟರೆ ಒಬ್ಬರೇ ಮಾಡಬೇಕು. ಆದರೆ ಮಕ್ಕಳ ಫೋಟೋ ಹಾಕಿ ಹೇಳುವುದು ಬೇರೆ, ನಮ್ಮ ಲೆಕ್ಕ ಹೇಳುವುದು ಬೇರೆ. ಮೊದಲನೆಯದು ಬೇಡವೇ ಬೇಡ.

ಬನ್ನಿಮಂಟಪದ ಹುಡುಗಿ | ಫೆಬ್ರವರಿ 12, ತಡರಾತ್ರಿ

ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಹತ್ತು ವರ್ಷ ಮಕ್ಕಳ ಮನೆಯಲ್ಲಿ ಬೆಳೆದವಳು. ಈಗ ನರ್ಸ್ ಆಗಿದ್ದೇನೆ.

ಕೇಕ್ ಬಗ್ಗೆ ಹೇಳುತ್ತೇನೆ. ಕೆಲವು ಭಾನುವಾರ ಮೂರು ಮನೆಯವರು ಬರುತ್ತಿದ್ದರು, ಅವರವರ ಮಕ್ಕಳ ಹುಟ್ಟುಹಬ್ಬಕ್ಕೆ. ಮೂರು ಸಲ ಸಾಲಾಗಿ ನಿಂತು, ಮೂರು ಸಲ ಹಾಡಿ, ಮೂರು ಸಲ ಕೇಕ್. ರಾತ್ರಿ ಸಣ್ಣವರಿಗೆಲ್ಲ ಹೊಟ್ಟೆನೋವು. ಸೋಮವಾರ ಬೆಳಗ್ಗೆ ಪೆನ್ಸಿಲ್ ಇರುತ್ತಿರಲಿಲ್ಲ. ಬಂದವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಬರುತ್ತಿದ್ದರು. ಆದರೆ ಅವರ ಮಗಳು ಹೊಸ ಫ್ರಾಕ್ ಹಾಕಿಕೊಂಡು ಅಪ್ಪನ ಕೈ ಹಿಡಿದು ನಿಂತಿರುವಾಗ ಅವಳಿಗೆ ಹಾಡು ಹೇಳುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಫೋಟೋ ಬಗ್ಗೆ. ಎಂಟನೇ ಕ್ಲಾಸಿನಲ್ಲಿ ಯಾರೋ ಹಾಕಿದ ಫೋಟೋದಲ್ಲಿ ನನ್ನ ಮುಖ ಕಾಣುತ್ತಿತ್ತು. ಶಾಲೆಯಲ್ಲಿ ಒಬ್ಬರ ಮೊಬೈಲಿನಿಂದ ಇನ್ನೊಬ್ಬರಿಗೆ ಹೋಯಿತು. ಅಲ್ಲಿಯವರೆಗೆ ನಾನು ಎಲ್ಲಿರುತ್ತೇನೆ ಅಂತ ಯಾರಿಗೂ ಹೇಳಿರಲಿಲ್ಲ. ಇಂಥ ಮಕ್ಕಳ ಗುರುತು ಬಯಲು ಮಾಡುವುದು ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ₹2 ಲಕ್ಷದವರೆಗೆ ದಂಡ, ಅಥವಾ ಎರಡೂ, ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ನನಗೆ ಉಪಯೋಗ ಆಗಿದ್ದು ಒಬ್ಬರು ಆಂಟಿ. ಎರಡನೇ ಶನಿವಾರ ಬಂದು ಲೆಕ್ಕ ಹೇಳಿಕೊಡುತ್ತಿದ್ದರು. ಏನೂ ತರುತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಬರಲಾಗದ ದಿನ ಫೋನ್ ಮಾಡಿ ವಾರ್ಡನ್ ಮೂಲಕ ನನಗೆ ಹೇಳಿಸುತ್ತಿದ್ದರು, ಹೆಸರು ಹಿಡಿದು.

ಇನ್ನೊಂದು. 18 ತುಂಬಿದ ದಿನದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಸಣ್ಣ ಮಕ್ಕಳಿಗೆ ಕೊಡಲು ಎಲ್ಲರಿಗೂ ಇಷ್ಟ. ನಾನು ಹೊರಗೆ ಬಂದಾಗ ಒಂದು ಬ್ಯಾಗ್, ಮಾರ್ಕ್ಸ್ ಕಾರ್ಡ್, ಎರಡು ಜೊತೆ ಬಟ್ಟೆ. ಬಾಡಿಗೆ ಮನೆ ಕೇಳಲು ಹೋದರೆ "ಅಪ್ಪ ಅಮ್ಮನ್ನ ಕರ್ಕೊಂಡು ಬಾಮ್ಮ" ಅನ್ನುತ್ತಿದ್ದರು. ಅನುಪಾಲನಾ ಗೃಹ ಅಂತ ಇದೆ, 21 ವರ್ಷದವರೆಗೆ ಇರಬಹುದು ಅಂತ ನನಗೆ ಹೇಳಿದವರಿಲ್ಲ. ನಿಮ್ಮ ಅಂಗಡಿಯಲ್ಲಿ ಏಳು ಮೆಷಿನ್ ಇದೆ ಅಂದಿರಿ. ಹದಿನೆಂಟು ತುಂಬಿದ ಒಬ್ಬರಿಗೆ ಕೆಲಸ ಕಲಿಸಿ, ಕಲಿಯುವಾಗಲೂ ಸಂಬಳ ಕೊಡಿ. ಬ್ಯಾಂಕ್ ಖಾತೆ ತೆಗೆಸಲು ಜೊತೆಗೆ ಹೋಗಿ. ಮನೆ ಮಾಲೀಕರ ಹತ್ತಿರ "ನಮ್ಮ ಹುಡುಗಿ" ಅಂತ ಒಂದು ಮಾತು ಹೇಳಿ.

ಪೇಟೆಬೀದಿ ಟೈಲರ್ | ಫೆಬ್ರವರಿ 13

ತಂಗಿ, ನೀವು ಬರೆದದ್ದನ್ನು ಅಂಗಡಿಯಲ್ಲಿ ಜೋರಾಗಿ ಓದಿದೆ. ಅಮ್ಮ ಸೂಜಿ ಕೆಳಗಿಟ್ಟರು. ಹೋದ ವರ್ಷ ಬಟ್ಟೆ ಕೊಟ್ಟಾಗ ನಾನು ತೆಗೆದ ಫೋಟೋ ಅಂಗಡಿಯ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿದ್ದೆ. ಗೊತ್ತಿರಲಿಲ್ಲ. ತಪ್ಪಾಯಿತು. ಮೊಬೈಲಿನಲ್ಲಿ ಉಳಿದಿದ್ದನ್ನೆಲ್ಲ ಅಳಿಸಿದ್ದೇನೆ.

ಲೆಕ್ಕದ ಪುಸ್ತಕ | ಫೆಬ್ರವರಿ 13

ಕೆಲಸಕ್ಕೆ ಸೇರಿಸಿಕೊಳ್ಳುವಾಗ ವಯಸ್ಸಿನ ದಾಖಲೆ ನೋಡಿ. ಪೂರ್ತಿ 18 ಆಗಿರಲಿ. "ಕಲಿಯೋಕೆ ಬರ್ತಾನೆ" ಅಂತ ಹದಿನೈದರ ಹುಡುಗನನ್ನು ಮೆಷಿನ್ ಮೇಲೆ ಕೂರಿಸಿದರೆ ಓದು ಅಲ್ಲಿಗೆ ಮುಗಿಯುತ್ತದೆ, ಎಷ್ಟೇ ಒಳ್ಳೆ ಮನಸ್ಸಿದ್ದರೂ.

ಆಪ್ತಸಮಾಲೋಚಕಿ, ಮೈಸೂರು | ಫೆಬ್ರವರಿ 14

ಈ ಚರ್ಚೆ ಓದುತ್ತಿರುವ ಬೇರೆಯವರಿಗೂ: ಯಾವುದಾದರೂ ಮಗು ತೊಂದರೆಯಲ್ಲಿರುವುದು ಕಂಡರೆ, ಬಸ್ ಸ್ಟ್ಯಾಂಡಿನಲ್ಲಾಗಲಿ, ಹೋಟೆಲ್ ಹಿಂದೆ ಪಾತ್ರೆ ತೊಳೆಯುತ್ತಿರಲಿ, ನೀವೇ ಮನೆಗೆ ಕರೆದುಕೊಂಡು ಹೋಗಬೇಡಿ, ಗೊತ್ತಿರುವ ಆಶ್ರಮಕ್ಕೆ ಬಿಡಲೂ ಬೇಡಿ. 1098ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಬೀಳಲ್ಲ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು ಮಾಡುತ್ತಾರೆ. ಎಲ್ಲಿರಬೇಕು ಅಂತ ತೀರ್ಮಾನಿಸುವುದು ಆ ಸಮಿತಿ.

ಪೇಟೆಬೀದಿ ಟೈಲರ್ | ಜೂನ್ 15, ಭಾನುವಾರ

ಸೀಸನ್ ಮುಗಿಯಿತು. ಏನಾಯಿತು ಅಂತ ಹೇಳಬೇಕು ಅನ್ನಿಸಿತು, ನೀವೆಲ್ಲ ಅಷ್ಟು ಬರೆದಿದ್ದೀರಿ.

ತಿಂಗಳಿಗೆ ₹3,000 ಅಂತ ನಿಗದಿ ಮಾಡಿದೆವು. ನೋಂದಣಿ ಪತ್ರ ಕೇಳಿ ನೋಡಿದ ಒಂದು ಮನೆಗೆ, ಪ್ರತಿ ತಿಂಗಳು 5ನೇ ತಾರೀಕು ಬ್ಯಾಂಕಿನಿಂದ ತಾನಾಗಿ ಹೋಗುತ್ತದೆ. ಯಾವುದಕ್ಕೆ ಬೇಕು ಅಂತ ಕೇಳಿದಾಗ ಅಲ್ಲಿಯವರು ಸಂಕೋಚದಿಂದ "ಸಂಜೆ ಪಾಠ ಹೇಳುವ ಟೀಚರ್ ಸಂಬಳಕ್ಕೆ ಆಗಬಹುದಾ?" ಎಂದರು. ಸಂಬಳಕ್ಕೆ ಯಾರೂ ಕೊಡುವುದಿಲ್ಲವಂತೆ, ಎಲ್ಲರೂ ಅಕ್ಕಿ ಮೂಟೆ ಕೊಡುತ್ತಾರಂತೆ. ಅದಕ್ಕೇ ಕೊಡುತ್ತಿದ್ದೇವೆ.

ಬೋರ್ಡ್ ಹಾಕಲಿಲ್ಲ. ತಮ್ಮನೂ ಒಪ್ಪಿದ. ಆದರೆ ಪಕ್ಕದ ಬಟ್ಟೆ ಅಂಗಡಿಯವರಿಗೆ ಅವನೇ ಹೋಗಿ ಹೇಳಿದ, ಅವರು ಈ ವರ್ಷ ಥಾನು ಕೊಂಡ ಬೆಲೆಗೇ ಕೊಟ್ಟರು. ಸೀಸನ್‌ನಲ್ಲಿ "ಒಂದೇ ಜೊತೆ ಸಾಕು" ಎಂದ ಇಬ್ಬರು ತಾಯಂದಿರ ಹತ್ತಿರ ನನ್ನ ಹೆಂಡತಿ ಕೂತು ಮಾತಾಡಿದಳು. ಒಬ್ಬರದು ಪ್ರಾಯೋಜಕತ್ವದ ಅರ್ಜಿ ಹಾಕಿಸಿದ್ದೇವೆ. ಇನ್ನೊಬ್ಬರಿಗೆ ಗಂಡನ ಮರಣ ಪತ್ರದಲ್ಲಿ ಹೆಸರು ತಪ್ಪಿದೆ, ಅದು ತಿದ್ದಿಸಲು ಓಡಾಡುತ್ತಿದ್ದೇವೆ. ಹದಿನೆಂಟು ದಾಟಿದ ಒಬ್ಬ ಹುಡುಗ ಏಪ್ರಿಲ್‌ನಿಂದ ನಮ್ಮಲ್ಲಿದ್ದಾನೆ. ಕಾಲರ್ ಕೂರಿಸುವುದು ಇನ್ನೂ ಬಂದಿಲ್ಲ, ಓವರ್‌ಲಾಕ್ ಕೈ ಚೆನ್ನಾಗಿದೆ.

ಬಟ್ಟೆ 34 ಮಕ್ಕಳಿಗೆ. ಎಲ್ಲರಿಗೂ ಎರಡು ಜೋಬು, ಹುಡುಗಿಯರ ಲಂಗಕ್ಕೂ. ಸೊಂಟದಲ್ಲಿ, ಅಂಚಿನಲ್ಲಿ ಬಟ್ಟೆ ಜಾಸ್ತಿ ಬಿಟ್ಟಿದ್ದೇವೆ, ಬೆಳೆದ ಹಾಗೆ ಬಿಚ್ಚಿಕೊಡಬಹುದು.

ಅಳತೆ ಬರೆಯುವಾಗ ಒಂದು ತೊಡಕಾಯಿತು. ಮಕ್ಕಳ ಹೆಸರು ಹೊರಗೆ ಹೋಗುವ ಪುಸ್ತಕದಲ್ಲಿ ಬೇಡ ಅಂತ ಅಲ್ಲಿಯವರು ಹೇಳಿದರು, ಸರಿಯೇ. ನಂಬರ್ ಹಾಕೋಣ ಎಂದೆ. ಅಪ್ಪ ಒಪ್ಪಲಿಲ್ಲ. "ಮಕ್ಕಳಿಗೆ ನಂಬರ್ ಹಾಕಬೇಡ" ಎಂದರು. ಕೊನೆಗೆ ಒಬ್ಬೊಬ್ಬರಿಗೆ ಒಂದು ಪುಟ ಕೊಟ್ಟು, ನಿಮಗೆ ಇಷ್ಟವಾದ ಚಿತ್ರ ಬರೆಯಿರಿ, ಅದೇ ನಿಮ್ಮ ಗುರುತು ಎಂದರು. ಗಾಳಿಪಟ, ಆನೆ, ಬುಗುರಿ, ಟ್ರ್ಯಾಕ್ಟರ್ ಎಲ್ಲ ಬಂತು. ಒಬ್ಬಳು ಇಡೀ ಪುಟದ ತುಂಬ ಸೈಕಲ್ ಬರೆದುಬಿಟ್ಟಳು, ಅಳತೆ ಬರೆಯಲು ಜಾಗವೇ ಇಲ್ಲ. ಅಪ್ಪ ಕನ್ನಡಕ ಸರಿಮಾಡಿಕೊಂಡು ಎದೆಯ ಅಳತೆ ಮುಂದಿನ ಚಕ್ರದೊಳಗೆ, ಸೊಂಟದ್ದು ಹಿಂದಿನ ಚಕ್ರದೊಳಗೆ ಬರೆದರು.

ನವೆಂಬರ್‌ನಲ್ಲಿ ಮತ್ತೆ ಅಳತೆಗೆ ಹೋಗುತ್ತೇವೆ. ಆಗ ನಮಗೂ ಕೆಲಸ ಕಡಿಮೆ. ಮಂಡ್ಯದಲ್ಲಿ ಕೈ ಕಾಜಾ ಮಾಡಲು ಬರುವವರು ಯಾರಾದರೂ ಇದ್ದರೆ ಇಲ್ಲೇ ತಿಳಿಸಿ, ಸ್ವೆಟರ್ ಬದಲು ಈ ಸಲ ದಪ್ಪ ಬಟ್ಟೆಯ ಕೋಟು ಹೊಲಿಯೋಣ ಅಂತ ಅಪ್ಪ ಹೇಳುತ್ತಿದ್ದಾರೆ.